ಒಂದೇ ಸಲ ಕೇಳುವ ಬಂಡಿ

ಗದಗಿನ ಹೊರವಲಯದ ಆರೈಕೆ ಕೇಂದ್ರದಲ್ಲಿ ಊಟ ಬಡಿಸುವ ಬಂಡಿಗೆ ಇದ್ದಷ್ಟು ಮರ್ಯಾದೆ ನಮ್ಮ ನೆಂಟರಿಷ್ಟರಲ್ಲಿ ಅರ್ಧ ಜನಕ್ಕೂ ಇಲ್ಲ. ಗಾಲಿಯ ಸದ್ದಾಗದಂತೆ ಅದು ಮಂಚದ ಹತ್ತಿರ ಬರುತ್ತಿತ್ತು. ತಲೆಯ ಹಾಗಿದ್ದ ದುಂಡನೆಯ ಭಾಗವನ್ನು ತುಸು ಬಾಗಿಸಿ, "ನಮಸ್ಕಾರ, ಊಟ ಬಡಿಸಲೇ?" ಎಂದು ಕೇಳುತ್ತಿತ್ತು. ಹೂಂ ಎಂದರೆ ಬಿಸಿ ನುಚ್ಚು, ಸಾರು, ಮೊಸರು ಬಡಿಸುತ್ತಿತ್ತು. ಬೇಡ ಎಂದರೆ, "ನಿಮ್ಮ ಇಚ್ಛೆಯನ್ನು ಗೌರವಿಸುತ್ತೇನೆ" ಎಂದು ಹೇಳಿ ಮುಂದಿನ ಮಂಚಕ್ಕೆ ಹೋಗಿಬಿಡುತ್ತಿತ್ತು. ಎರಡನೇ ಸಲ ಕೇಳುವ ಪದ್ಧತಿ ಅದಕ್ಕಿರಲಿಲ್ಲ.

ಈ ಮರ್ಯಾದೆಯ ದೆಸೆಯಿಂದ ಗುರುಬಸವ್ವ ಹಸಿವಿನಿಂದ ಸಾಯುವ ಹಾದಿ ಹಿಡಿದಿದ್ದರು.

ಗುರುಬಸವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಿದ್ದರು. ಹೊಸ ಕೀಲು ಕೂಡಿಸಿದ್ದೇನೋ ಚೆನ್ನಾಗಿಯೇ ಆಯಿತು. ಆದರೆ ಗಾಯಕ್ಕೆ ನಂಜು ತಗಲಬಾರದೆಂದು ಅವರನ್ನು ಮುಚ್ಚಿದ ವಾರ್ಡಿನಲ್ಲಿ ಇಟ್ಟಿದ್ದರು. ಅಲ್ಲಿಗೆ ಮನೆಯವರು ಹೋಗುವಂತಿಲ್ಲ, ಮನೆಯ ಡಬ್ಬಿಯೂ ಹೋಗುವಂತಿಲ್ಲ. ಊಟ, ನೀರು, ಹಾಸಿಗೆ ಎಲ್ಲ ಬಂಡಿಗಳದೇ ಉಸ್ತುವಾರಿ. ಆ ಬಂಡಿಗಳ ಮೇಲೆ ಕಣ್ಣಿಡುವ ನಿಯಂತ್ರಣ ಕೊಠಡಿ ಮೇಲಿನ ಮಹಡಿಯಲ್ಲಿತ್ತು. ಅಲ್ಲಿ ಕೆಲಸಕ್ಕಿದ್ದವಳು ಗುರುಬಸವ್ವನ ಸೊಸೆ ಕಸ್ತೂರಿ. ದಿನವಿಡೀ ಅತ್ತೆಯನ್ನು ಸ್ಕ್ರೀನಿನ ಮೇಲೆ ನೋಡುತ್ತ ಕೂರುವ ಭಾಗ್ಯ ಯಾವ ಸೊಸೆಗೆ ಸಿಕ್ಕೀತು ಎಂದು ಜೊತೆಯವರು ಮೊದಮೊದಲು ಚೇಷ್ಟೆ ಮಾಡಿದರು. ಆಮೇಲೆ ಸುಮ್ಮನಾದರು. ಸ್ಕ್ರೀನಿನ ಮೇಲಿನ ಅತ್ತೆ ದಿನದಿನಕ್ಕೆ ಸೊರಗುತ್ತಿದ್ದರು.

ಬಂಡಿಯನ್ನು ಬೈದು ಪ್ರಯೋಜನವಿರಲಿಲ್ಲ. ಹಿಂದೊಮ್ಮೆ ಯಾವುದೋ ದೊಡ್ಡ ಊರಿನಲ್ಲಿ ಗುಳಿಗೆ ನುಂಗಿಸುವ ಯಂತ್ರವೊಂದು ಒಬ್ಬ ವೃದ್ಧರನ್ನು ಬೆಳಗಿನಿಂದ ಸಂಜೆಯವರೆಗೆ ಕಾಡಿತ್ತು. ಬೇಸತ್ತು ಅವರು ಹೂಂ ಎಂದದ್ದೇ ತಡ, ಯಾರಿಗೋ ಇದ್ದ ಗುಳಿಗೆಯನ್ನು ಅವರಿಗೆ ನುಂಗಿಸಿತ್ತು. ದೇಶವೆಲ್ಲ ಛೀ ಥೂ ಎಂದಿತು. ಆಗ ಬಂದದ್ದು ಸಮ್ಮತಿ ಕಾಯ್ದೆ. ರೋಗಿ ಬೇಡ ಎಂದ ಮೇಲೆ ಯಂತ್ರವಾಗಲಿ, ಸಿಬ್ಬಂದಿಯಾಗಲಿ, ಹೊರಗಿನವರಾಗಲಿ ಮುಂದಿನ ಹೊತ್ತಿನವರೆಗೆ ಆ ಮಾತೆತ್ತಬಾರದು. ಎತ್ತಿದರೆ ಅದು ಒತ್ತಾಯ. ಇದಕ್ಕಾಗಿ ಪ್ರತಿ ಬಂಡಿಯ ಹೊಟ್ಟೆಯೊಳಗೆ ಸೀಲು ಹಾಕಿದ ಒಂದು ಸಣ್ಣ ಪೆಟ್ಟಿಗೆಯಿತ್ತು. ದನಿ ಕೇಳಿ, ಕೈಸನ್ನೆ ನೋಡಿ, ಹೂಂ ಯಾವುದು ಊಹೂಂ ಯಾವುದು ಎಂದು ಅದು ತೀರ್ಮಾನಿಸುತ್ತಿತ್ತು. ಅದಕ್ಕೆ ಕೈ ಹಚ್ಚಿದರೆ ನೌಕರಿಯೂ ಹೋಗಿ ಜೈಲೂ ಗ್ಯಾರಂಟಿ. ಒಳ್ಳೆಯ ಕಾಯ್ದೆಯೇ, ಇಲ್ಲವೆನ್ನುವುದಿಲ್ಲ. ಬರೆದವರು ಎಲ್ಲವನ್ನೂ ಯೋಚಿಸಿ ಬರೆದಿದ್ದರು, ಗದಗ ಸೀಮೆಯವರು ಊಟಕ್ಕೆ ಕೂತದ್ದನ್ನು ಮಾತ್ರ ಅವರು ಕಂಡಿರಲಿಲ್ಲ.

ಅಲ್ಲಿ ಬೇಡ ಎನ್ನುವುದರಿಂದಲೇ ಊಟ ಶುರುವಾಗುವುದು. ಬಡಿಸುವವರು ಬುಟ್ಟಿ ಹಿಡಿದು ಬರುತ್ತಾರೆ, ಉಣ್ಣುವವರು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಾರೆ. ಬಡಿಸುವವರು ಇನ್ನೊಮ್ಮೆ ಅನ್ನುತ್ತಾರೆ, ಉಣ್ಣುವವರು ಹೊಟ್ಟೆ ಸವರಿ ತೋರಿಸುತ್ತಾರೆ. ಮೂರನೇ ಸಲಕ್ಕೆ ಬೆರಳ ಸಂದಿಯಿಂದ ರೊಟ್ಟಿ ತಟ್ಟೆಗೆ ಬೀಳುತ್ತದೆ, ಇಬ್ಬರಿಗೂ ಸಮಾಧಾನ. ಗುರುಬಸವ್ವನಂತೂ ಈ ವಿದ್ಯೆಯಲ್ಲಿ ಎತ್ತಿದ ಕೈ. ಅವರ ಮನೆಯಿಂದ ಅರೆಹೊಟ್ಟೆಯಲ್ಲಿ ಎದ್ದು ಹೋದ ನೆಂಟರಿರಲಿಲ್ಲ. ಆದರೆ ತಾವೇ ಉಣ್ಣಲು ಕೂತಾಗ, ಕೇಳಿದ ಕೂಡಲೇ ಹಾಕು ಎಂದದ್ದು ಅವರ ಜನ್ಮದಲ್ಲಿ ಇರಲಿಲ್ಲ. ಹೀಗಾಗಿ ಬಂಡಿ ಕೇಳಿದಾಗಲೆಲ್ಲ ಬೇಡ ಎಂದರು, ಎರಡನೇ ಸಲ ಕೇಳೀತೆಂದು ಕಾದರು. ಅದು ಮುಂದಿನ ಮಂಚದಲ್ಲಿತ್ತು.

"ಅತ್ತಿ, ಹೂಂ ಅನ್ರಿ. ಒಂದಽ ಮಾತು, ಹೂಂ. ಅಷ್ಟಽ ಸಾಕು," ಎಂದು ಕಸ್ತೂರಿ, ಮುಂದಿನ ಹೊತ್ತು ಶುರುವಾಗಿ ಬಂಡಿ ಇನ್ನೂ ಹೊರಡುವ ಮೊದಲು, ಫೋನಿನಲ್ಲಿ ಅಂಗಲಾಚಿದಳು.

"ಅನ್ನೂಣು ಅಂತನಽ ಇರ್ತೀನವಾ. ಅದು ಬಂದು ಮುಂದ ನಿಂತಕೂಡ್ಲೆ ಬಾಯಾಗ ಬ್ಯಾಡ ಅಂತನಽ ಬರ್ತತಿ. ಕೇಳೂದಽ ತಡ ಹಾಕು ಅನ್ನಾಕ ನಾ ಏನು ಊಟ ಕಾಣದಾಕೇನು? ಅಲ್ಲಾ, ಆ ಬಂಡಿಗರೆ ಬುದ್ಧಿ ಬ್ಯಾಡೇನು? ಒಂದ್ ಮಾತಿಗೇ ಮುನಸ್ಕೊಂಡು ಹೋಗ್ತತಿ, ಹೊಸಾ ಸೊಸಿ ಹಂಗ."

ಹಳೆಯ ಸೊಸೆ ಇದನ್ನು ನುಂಗಿಕೊಂಡಳು.

ಆಮೇಲೆ ಕಸ್ತೂರಿ ಕೇಂದ್ರದ ಆ್ಯಪಿನೊಂದಿಗೆ ಗುದ್ದಾಡಿದಳು. ಅದರಲ್ಲಿ ಇಷ್ಟದ ಅಡುಗೆ ಆರಿಸಬಹುದಿತ್ತು, ಬಂಡಿಯ ದನಿಯನ್ನು ಹೆಣ್ಣು ಗಂಡು ಮಾಡಬಹುದಿತ್ತು, ಬಂಡಿಯ ನಡತೆಗೆ ನಕ್ಷತ್ರ ಕೊಡಬಹುದಿತ್ತು. ಇನ್ನೊಮ್ಮೆ ಕೇಳು ಎನ್ನುವ ಗುಂಡಿ ಮಾತ್ರ ಎಲ್ಲೂ ಇರಲಿಲ್ಲ. ಸಹಾಯವಾಣಿಗೆ ಬರೆದಳು. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂದು ಉತ್ತರ ಬಂತು. ಮತ್ತೆ ಬರೆದಳು. ಅದು ಮತ್ತಷ್ಟು ಅಮೂಲ್ಯವಾಯಿತು. ಅತ್ತೆಯ ದನಿಯಲ್ಲಿ ಹೂಂ ಎಂದು ರೆಕಾರ್ಡ್ ಮಾಡಿಕೊಂಡು ಅದನ್ನು ಅವರ ದಿಂಬಿನ ಪಕ್ಕದ ಸ್ಪೀಕರಿನಲ್ಲಿ ಹಾಕಿಸಿ ನೋಡಿದಳು. ಪೆಟ್ಟಿಗೆ, 'ಜೀವಂತ ದನಿಯಲ್ಲ' ಎಂದು ತಳ್ಳಿಹಾಕಿತು. ಗಂಡ ಮಹಾಂತೇಶ ಊಟದ ಹೊತ್ತಿಗೆ ವಿಡಿಯೋ ಕರೆ ಮಾಡಿ, "ಯವ್ವಾ ಉಣ್ಣಬೇ" ಎಂದು ಎರಡನೇ ಸಲ ಅಂದದ್ದೇ, 'ಹೊರಗಿನವರ ಒತ್ತಾಯ' ಎಂದು ಕರೆ ಕಡಿದುಹೋಯಿತು.

ಗುರುವಾರ ಡಾಕ್ಟರ್ ಭಾರ್ಗವಿ ಕಸ್ತೂರಿಯನ್ನು ಕರೆದು ಕೂರಿಸಿಕೊಂಡರು. ಅವರು ಒಳ್ಳೆಯವರು, ಮಾತು ಬೆಳೆಸುವವರಲ್ಲ.

"ಗಾಯ ಕೂಡವಲ್ದು ಕಸ್ತೂರಿ. ಮೈಯಾಗ ಸತ್ವಽ ಇಲ್ಲಂದ್ರ ಹೆಂಗ ಕೂಡಬೇಕು? ಬರೇ ಸಲೈನ್ ಮ್ಯಾಲೆ ಎಷ್ಟ್ ದಿನ? ಸೋಮವಾರದ ತನಕ ನೋಡ್ತೀನಿ. ಆಮ್ಯಾಲೆ ಮೂಗಿನಿಂದ ನಳಿಗಿ ಹಾಕ್ಬೇಕಾಗ್ತತಿ."

"ಅವರು ಅದಕ್ಕೂ ಬ್ಯಾಡ ಅಂತಾರ್ರಿ."

"ಅದನ್ನ ನಾ ಒಂದಽ ಸಲ ಕೇಳ್ಬೇಕು," ಎಂದರು ಡಾಕ್ಟರ್. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಬ್ಯಾಡ ಅಂದ್ರು ಅಂದ್ರ, ರೋಗಿಗೆ ಚಿಕಿತ್ಸೆ ಬ್ಯಾಡಾಗೇತಿ ಅಂತ ಬರದು ಆ ಕಡೆ ವಿಶ್ರಾಂತಿ ವಿಭಾಗಕ್ಕ ಕಳಸಬೇಕು. ಕಾಯ್ದೆ ಹಂಗೈತಿ."

ವಿಶ್ರಾಂತಿ ವಿಭಾಗದಿಂದ ನಡೆದುಕೊಂಡು ಮನೆಗೆ ಬಂದವರಿಲ್ಲ. ಕಸ್ತೂರಿಗೆ ಅದು ಚೆನ್ನಾಗಿ ಗೊತ್ತಿತ್ತು. ಅಲ್ಲಿಗೆ ಹೋಗುವ ಬಂಡಿಗಳೂ ಅವಳ ಸ್ಕ್ರೀನಿನಲ್ಲಿಯೇ ಕಾಣುತ್ತಿದ್ದವು. ಮೆಟ್ಟಿಲ ಮೇಲೆ ಕೂತು ಅವಳು ಯಾರಿಗೂ ಕಾಣದಂತೆ ಅತ್ತಳು. ಅತ್ತೆ ಎಂದರೆ ಅವಳಿಗೆ ಅಂಥ ಮುದ್ದೇನೂ ಇರಲಿಲ್ಲ. ಇಬ್ಬರಿಗೂ ಉಪ್ಪು ಹೆಚ್ಚು ಕಡಿಮೆ ಎಂದು ವಾರಕ್ಕೊಮ್ಮೆ ಜಟಾಪಟಿ ಆಗುತ್ತಿತ್ತು. ಆದರೆ ಜಗಳವಾಡಿದ ದಿನವೂ ಆ ಹೆಂಗಸು ಸೊಸೆಗೆ ಉಣ್ಣಿಸದೆ ತಾನು ಉಂಡದ್ದಿಲ್ಲ. ಅಂಥವರು ಊಟವಿಲ್ಲದೆ ಹೋಗುವುದೆಂದರೆ ಅವಳಿಗೆ ತಡೆಯಲಾಗಲಿಲ್ಲ.

ಆ ಸಂಜೆ ಮನೆಯಲ್ಲಿ ಮಹಾಂತೇಶನಿಗೆ ಬಡಿಸುವಾಗ ಅವಳ ಮನಸ್ಸೆಲ್ಲ ಬಂಡಿಯ ಮೇಲೆಯೇ ಇತ್ತು. ಒಂದು ರೊಟ್ಟಿ ಮುಗಿದಿತ್ತು.

"ರೊಟ್ಟಿ ಹಾಕ್ಲೇನ್ರೀ?"

"ಬ್ಯಾಡ."

ಕಸ್ತೂರಿ ಬುಟ್ಟಿ ಮುಚ್ಚಿ ಪಕ್ಕಕ್ಕಿಟ್ಟಳು. ಮಹಾಂತೇಶ ಝುಣಕವನ್ನು ಬೆರಳಲ್ಲಿ ಆಚೀಚೆ ಮಾಡಿದ. ಬುಟ್ಟಿ ನೋಡಿದ, ಹೆಂಡತಿಯನ್ನು ನೋಡಿದ, ಗೋಡೆ ನೋಡಿದ. ನೀರು ಕುಡಿದ. ಕೊನೆಗೆ ಸಣ್ಣ ಮುಖ ಮಾಡಿಕೊಂಡು ಕೇಳಿದ: "ಯಾಕ, ಸಿಟ್ಟಾಗಿಯೇನ?"

"ನೀವಽ ಬ್ಯಾಡ ಅಂದ್ರೆಲ್ಲ?"

"ಬ್ಯಾಡ ಅಂದ್ರ... ಬ್ಯಾಡ ಅಂದ್ನಿ ಖರೆ. ಅದಕ್ಕ ಬುಟ್ಟಿ ಮುಚ್ಚಿಬಿಡೂದಾ? ನಾ ಏನ್ ಹೊರಗಿನಾಂವೇನು?"

ಮುದ್ರಣಾಲಯ ನಡೆಸುವ, ಊರಿಗೆಲ್ಲ ಬುದ್ಧಿ ಹೇಳುವ ಗಂಡಸು ತನ್ನ ಮನೆಯಲ್ಲೇ ಹಸಿದು ಕೂತಿದ್ದ. ಬಾಯಿ ಬಿಟ್ಟು ಕೊಡು ಎನ್ನಲು ಅವನಿಗೂ ಆಗಿರಲಿಲ್ಲ. ಕಸ್ತೂರಿಗೆ ನಗುವೂ ಬಂತು, ಸಂಕಟವೂ ಆಯಿತು. ರೊಟ್ಟಿ ಹಾಕಿದಳು. ಅತ್ತೆಯನ್ನು ಬದಲಾಯಿಸುವ ಆಸೆಯನ್ನು ಅಲ್ಲಿಗೇ ಬಿಟ್ಟಳು. ಇದು ಬಾಯಿಪಾಠ ಮಾಡಿಸಿ ಬಿಡಿಸುವಂಥದ್ದಲ್ಲ ಎಂಬುದು ಅವಳಿಗೆ ಖಚಿತವಾಗಿತ್ತು.

ಶುಕ್ರವಾರ ಮಧ್ಯಾಹ್ನ ದಾರಿ ಸಿಕ್ಕಿತು, ಅದೂ ಅತ್ತೆಯ ಬಾಯಿಂದಲೇ.

ಮುಚ್ಚಿದ ವಾರ್ಡಿನಲ್ಲಿ ಊಟದ ಹೊತ್ತಿಗೆ ಪ್ರತಿ ಮಂಚದ ಸುತ್ತ ಪರದೆ ತಾನಾಗಿ ಇಳಿಯುತ್ತಿತ್ತು. ಉಣ್ಣುವುದು ಅವರವರ ಖಾಸಗಿ ವಿಷಯ ಎಂದು ವಿನ್ಯಾಸ ಮಾಡಿದವರ ಅಭಿಪ್ರಾಯ. ಗುರುಬಸವ್ವನ ಪಕ್ಕದ ಮಂಚದಲ್ಲಿ ಬೆಟಗೇರಿಯ ಖೈರುನ್ನಿಸಾ ಇದ್ದರು, ಮೊಣಕಾಲಿನ ಆಪರೇಷನ್ ಆಗಿತ್ತು. ಮೂರು ತಲೆಮಾರಿನ ನೇಕಾರರ ಮನೆಯ ಹಿರಿಯ ಹೆಂಗಸು, ಸಂಕೋಚದಲ್ಲಿ ಗುರುಬಸವ್ವನಿಗೆ ಏನೂ ಕಡಿಮೆಯಿಲ್ಲ. ಗುರುಬಸವ್ವ ಬೇಡ ಎಂದದ್ದಾಯಿತು. ಬಂಡಿ ಅತ್ತ ಹೋಯಿತು. "ಬ್ಯಾಡಪಾ, ಸಾಕು," ಎಂದ ದನಿ ಕೇಳಿಸಿತು. ಕಸ್ತೂರಿ ನಿಟ್ಟುಸಿರಿಟ್ಟು ಬೇರೆ ಸ್ಕ್ರೀನಿನ ಕಡೆ ತಿರುಗುವುದರಲ್ಲಿದ್ದಳು. ಅಷ್ಟರಲ್ಲಿ ಪರದೆಯಾಚೆಯಿಂದ ಗುರುಬಸವ್ವ ಗದರಿದರು.

"ಹಂಗ ಬ್ಯಾಡ ಅನಬ್ಯಾಡ್ರಿ ಬೇಗಂ ಅವರ. ಗುಳಿಗಿ ನುಂಗೀರಿ, ಖಾಲಿ ಹೊಟ್ಟಿಲೆ ಇರಬಾರದು. ಎರಡು ತುತ್ತರೆ ಉಣ್ರಿ."

"ಅಯ್ಯ, ನೀವಽ ಉಂಡಿಲ್ಲ, ನನಗ ಹೇಳ್ತೀರಿ!"

"ನಂದಿರ್ಲಿ ಬಿಡ್ರಿ. ನೀವ್ ಉಣ್ರಿ ಅಂದ್ನಿ."

"ಹಿರ್ಯಾರು ಇಷ್ಟ್ ಹೇಳಿದ ಮ್ಯಾಲೆ... ಹೂಂ, ಹಾಕಪಾ ಒಂದೀಟು."

ಬಂಡಿ ಆಗಲೇ ವಾರ್ಡಿನ ಆ ತುದಿಯಲ್ಲಿತ್ತು. ಆದರೆ ಕಸ್ತೂರಿ ಕುರ್ಚಿಯಿಂದ ಎದ್ದು ನಿಂತಿದ್ದಳು. ತನಗೆ ಬೇಕೆನ್ನಲು ಬಾಯಿ ಬಾರದ ಅತ್ತೆಗೆ ಇನ್ನೊಬ್ಬರಿಗೆ ಉಣ್ಣಿಸಲು ಎಷ್ಟು ಬಾಯಿ! ಪರದೆ ಇದ್ದರೂ, ಸೊಂಟ ಮುರಿದಿದ್ದರೂ, ಹೊಟ್ಟೆಯಲ್ಲಿ ಕಾಳಿಲ್ಲದಿದ್ದರೂ.

ಅವಳು ಆ್ಯಪಿನ ಸೆಟ್ಟಿಂಗುಗಳನ್ನು ತಡಕಾಡಿದಳು. 'ಅತಿಥಿ ತಟ್ಟೆ' ಎಂಬುದೊಂದು ಅಲ್ಲಿತ್ತು. ರೋಗಿಯನ್ನು ನೋಡಲು ಬಂದವರಿಗೆ ರೋಗಿಯ ಹೆಸರಲ್ಲಿ ಊಟ ತರಿಸುವ ಸೌಕರ್ಯ ಅದು. ಅದನ್ನು ಒತ್ತಿದರೆ ಬಂಡಿ ಅಡುಗೆಯ ಪಾತ್ರೆಗಳನ್ನೇ ರೋಗಿಯ ಮೇಜಿನ ಮೇಲಿಟ್ಟು ಸುಮ್ಮನೆ ನಿಲ್ಲುತ್ತದೆ, ಬಡಿಸುವುದು ರೋಗಿಯ ಕೆಲಸ. ಮುಚ್ಚಿದ ವಾರ್ಡಿಗೆ ಯಾರೂ ಬರುವಂತಿಲ್ಲವಾದ್ದರಿಂದ ಅದನ್ನು ಅಲ್ಲಿ ಯಾರೂ ಒತ್ತಿರಲಿಲ್ಲ, ಅಷ್ಟೇ. ಒತ್ತಬಾರದು ಎಂದೂ ಇರಲಿಲ್ಲ. ಪಕ್ಕದ ಮಂಚದವರು ಅತಿಥಿಯಾಗಬಾರದು ಎಂದು ಎಲ್ಲೂ ಬರೆದಿರಲಿಲ್ಲ.

ಅವಳು ಅತ್ತೆಯ ಹೆಸರಲ್ಲಿ ನಾಳೆಗೆ ಅದನ್ನು ಒತ್ತಿ, ಎರಡು ಫೋನ್ ಮಾಡಿದಳು. ಅತ್ತೆಗೆ ಹೇಳಿದಳು: "ಪಕ್ಕದ ಬೇಗಂ ಅವರು ಉಣವಲ್ರಂತ ಅತ್ತಿ, ಬಾಳ ಸೊರಗ್ಯಾರ. ನಾಳೆ ಪರದೆ ಸರಿಸ್ಕೊಂಡು ನೀವಽ ಕರದು ಉಣಸ್ರಿ. ಬಂಡಿಗೆ, ಅತಿಥಿ ಅದಾರ, ಪಾತ್ರಿ ಇಟ್ಟು ಹೋಗು ಅನ್ರಿ." ಖೈರುನ್ನಿಸಾಗೂ ಅದನ್ನೇ ಹೇಳಿದಳು, ಹೆಸರು ಮಾತ್ರ ಅತ್ತೆಯದು. ಇಬ್ಬರೂ ಉಣ್ಣುತ್ತಿರಲಿಲ್ಲವಾದ್ದರಿಂದ ಎರಡೂ ಅಪ್ಪಟ ಸತ್ಯವೇ. ಇಬ್ಬರೂ ಪರೋಪಕಾರಕ್ಕೆ ಸೆರಗು ಕಟ್ಟಿ ನಿಂತರು.

ಶನಿವಾರ ಮಧ್ಯಾಹ್ನ ನಿಯಂತ್ರಣ ಕೊಠಡಿಗೆ ಡಾಕ್ಟರ್ ಭಾರ್ಗವಿಯೂ ಬಂದು ನಿಂತರು. ಕಸ್ತೂರಿಯೇ ಕರೆದಿದ್ದಳು. ಅವಳ ಮೇಲಧಿಕಾರಿ ವಾದಿರಾಜ ಕಾಯ್ದೆಯ ಪ್ರತಿಯನ್ನು ಎದೆಗೆ ಅವಚಿಕೊಂಡು ಹಿಂದೆ ಮುಂದೆ ಓಡಾಡುತ್ತಿದ್ದ. ಕೆಟ್ಟವನಲ್ಲ, ಪುಕ್ಕಲ.

ಕೆಳಗೆ ಪರದೆ ಸರಿಯಿತು. ಬಂಡಿ ಬಂದು ಬಾಗಿತು. "ನಮಸ್ಕಾರ, ಊಟ ಬಡಿಸಲೇ?"

"ನನಗ ಬ್ಯಾಡ," ಎಂದರು ಗುರುಬಸವ್ವ. "ಆದ್ರ ನಮ್ಮ ಮನ್ಯಾಗ ಅತಿಥಿ ಅದಾರ. ಎಲ್ಲಾ ಇಲ್ಲಿಟ್ಟು ಹೋಗು. ಹುಗ್ಗಿ ಐತೇನು? ಅದನ್ನೂ ಇಡು. ತುಪ್ಪ ಎಲ್ಲೈತಿ?"

ನಮ್ಮ ಮನೆ ಎಂದರು. ಕಬ್ಬಿಣದ ಮಂಚ, ಮೂಗಿಗೆ ಅಡರುವ ಫಿನಾಯಿಲು, ಕೈಯಲ್ಲಿ ಸಲೈನಿನ ಸೂಜಿ. ಆದರೂ ಬಂಡಿ ಪಾತ್ರೆಗಳನ್ನು ಇಟ್ಟದ್ದೇ ಅದು ಮನೆಯಾಗಿಬಿಟ್ಟಿತು. ಗುರುಬಸವ್ವ ಒರಗಿಕೊಂಡಲ್ಲಿಂದಲೇ ಸೌಟು ಎತ್ತಿದರು. ಎರಡು ಮಂಚಗಳ ನಡುವಿನ ಮೇಜಿನ ಮೇಲೆ ಖೈರುನ್ನಿಸಾರ ತಟ್ಟೆಯಿತ್ತು. ಖೈರುನ್ನಿಸಾ ಅದರ ಮೇಲೆ ಅಂಗೈ ಅಡ್ಡ ಹಿಡಿದರು.

"ಬ್ಯಾಡ್ರಿ ಅಕ್ಕಾರ."

"ಕೈ ತಗೀರಿ."

ಸ್ಕ್ರೀನು ಕೆಂಪಾಯಿತು. 'ಒತ್ತಾಯ ಪತ್ತೆಯಾಗಿದೆ. ಮಾಡಿದವರು ಯಾರು? ಯಂತ್ರ, ಸಿಬ್ಬಂದಿ, ಹೊರಗಿನವರು.' ಕೆಳಗೆ ಇನ್ನೊಂದು ಗುಂಡಿ: 'ಕಾಯ್ದೆ ಅನ್ವಯಿಸದು.' ಉತ್ತರ ಕೊಡದಿದ್ದರೆ ಪರದೆ ತಾನಾಗಿ ಇಳಿಯುತ್ತದೆ, ಬಂಡಿ ಪಾತ್ರೆಗಳನ್ನು ಎತ್ತಿಕೊಂಡು ಹೋಗುತ್ತದೆ.

"ಬ್ಯಾಡ ಕಸ್ತೂರಿ, ಬ್ಯಾಡ," ಎಂದು ವಾದಿರಾಜ ಬೆವರಿದ. "ಮ್ಯಾಲಿನವರು ಕೇಳಿದ್ರ ಏನ್ ಹೇಳೂದು?"

"ಇದನ್ನಽ ಹೇಳ್ರಿ ಸರ್. ಗುರುಬಸವ್ವ ಯಂತ್ರಲ್ಲ. ನಿಮ್ಮ ಸಿಬ್ಬಂದಿ ಅಲ್ಲ. ಹೊರಗಿನವರಂತೂ ಅಲ್ಲಽ ಅಲ್ಲ, ಒಳಗಽ ಮಲಗ್ಯಾರ. ನಿಮ್ಮ ಕೈಯಾಗಿನ ಪುಸ್ತಕದಾಗ ರೋಗಿ ರೋಗಿಗೆ ಉಣ್ಣು ಅನಬಾರದು ಅಂತ ಎಲ್ಲಿ ಐತಿ ತೋರಸ್ರಿ, ನಾ ಕೈ ತಗೀತೀನಿ."

ವಾದಿರಾಜ ಪುಟ ತಿರುವಿದ. ಡಾಕ್ಟರ್ ಅವನ ಭುಜದ ಮೇಲಿಂದ ಬಗ್ಗಿ ಓದಿದರು. "ಇಲ್ಲ," ಎಂದರು. "ಒತ್ತು."

ಕಸ್ತೂರಿ ಒತ್ತಿದಳು. ಕೆಂಪು ಆರಿತು.

ಕೆಳಗೆ ಖೈರುನ್ನಿಸಾರ ಬೆರಳ ಸಂದಿಯಿಂದ ಹುಗ್ಗಿ ತಟ್ಟೆಗೆ ಇಳಿದಿತ್ತು. ಅವರು ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದು ನುಂಗಿದರು. ಆಮೇಲೆ ತಟ್ಟೆಯಿಂದ ಕೈ ಹಿಂದೆ ತೆಗೆದು ಕೂತುಬಿಟ್ಟರು.

"ಯಾಕ್ರಿ?"

"ನೀವ್ ಉಣ್ಣದ ನಾ ಹೆಂಗ ಉಣ್ಲಿ? ಈಗ ನೀವು ನನ್ನ ಅತಿಥಿ." ಅವರು ಸೌಟನ್ನು ಗುರುಬಸವ್ವನ ಕೈಯಿಂದ ಕಸಿದುಕೊಂಡರು.

"ನನಗ ಬ್ಯಾಡ್ರಿ, ಹೊಟ್ಟಿ ತುಂಬೇತಿ."

"ಏನ್ ತಿಂದು ತುಂಬೇತ್ರಿ, ಸಲೈನ್ ಕುಡದಾ? ಸುಳ್ಳ್ ಹೇಳಬ್ಯಾಡ್ರಿ."

ಸ್ಕ್ರೀನು ಮತ್ತೆ ಕೆಂಪಾಯಿತು. ಈ ಸಲ ಗುಂಡಿ ಒತ್ತಿದವನು ವಾದಿರಾಜ.

"ಸ್ವಲ್ಪ್ ಹಾಕ್ರಿ ಹಂಗಾರ," ಎಂದರು ಗುರುಬಸವ್ವ. ಬಂಡಿಯ ಲೆಕ್ಕದಲ್ಲಿ ಸ್ವಲ್ಪವೆಂದರೆ ಎರಡು ಚಮಚ. ಖೈರುನ್ನಿಸಾರ ಲೆಕ್ಕದಲ್ಲಿ ಅದು ತುಂಬಿದ ಸೌಟು, ಅದರ ಮೇಲೆ ತುಪ್ಪ. ಗುರುಬಸವ್ವ ಅಯ್ಯಯ್ಯ ಎನ್ನುತ್ತಲೇ ಉಂಡರು. ಹುಗ್ಗಿ ಉಂಡರು, ನುಚ್ಚು ಉಂಡರು, ಮೊಸರಿಗೆ ಉಪ್ಪು ಸಾಲದೆಂದು ಬಂಡಿಗೆ ಬೈದು ಅದನ್ನೂ ಉಂಡರು. ಬೆನ್ನು ನೆಟ್ಟಗಾಯಿತು. ಮೇಲೆ ಕಸ್ತೂರಿಗೆ ಕಣ್ಣೀರು ಧಾರಾಕಾರ, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಅವಳಿಗೆ ಗೆದ್ದ ಸಂತೋಷ ತಡೆಯಲಾಗುತ್ತಿರಲಿಲ್ಲ.

ಖೈರುನ್ನಿಸಾ ಇನ್ನೊಂದು ಸೌಟು ಎತ್ತಿದರು. "ಸಾಕ್ರಿ," ಎಂದರು ಗುರುಬಸವ್ವ. ಅಷ್ಟೇ. ಖೈರುನ್ನಿಸಾ ಮರುಮಾತಾಡದೆ ಸೌಟನ್ನು ಪಾತ್ರೆಗೆ ಹಾಕಿ ಮುಚ್ಚಿದರು.

ಡಾಕ್ಟರ್ ಭಾರ್ಗವಿ ಸ್ಕ್ರೀನಿಗೆ ಮುಖ ತಾಗುವಷ್ಟು ಬಗ್ಗಿದರು. "ಇಷ್ಟೊತ್ತು ಬ್ಯಾಡ ಅಂದಾಗೆಲ್ಲ ಹಾಕಿದ್ರು, ಈಗ್ಯಾಕ ಬಿಟ್ರು? ಇದು ಖರೇ ಸಾಕು ಅಂತ ಅವರಿಗೆ ಹೆಂಗ ತಿಳೀತು?"

"ಎದುರಿಗೆ ಕುಂತು ಮಾರಿ ನೋಡ್ಕೊಂತ ಬಡಿಸಿದ್ರ ತಿಳೀತೈತ್ರಿ," ಎಂದಳು ಕಸ್ತೂರಿ.

ಆ ರಾತ್ರಿಯ ಊಟಕ್ಕೆ ಇನ್ನೆರಡು ಮಂಚದವರು ಪರದೆ ಸರಿಸಿಕೊಂಡರು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ವಾರ್ಡಿನಲ್ಲಿ ಒಂದು ಪರದೆಯೂ ಇಳಿಯಲಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರ ಅತಿಥಿ. ಬಂಡಿಗಳು ಪಾತ್ರೆ ಹೊತ್ತು ತರುವುದರಲ್ಲೇ ಸುಸ್ತು. ಹಾಕ್ರಿ, ಬ್ಯಾಡ್ರಿ, ಕೈ ತಗೀರಿ ಎಂಬ ಗದ್ದಲ ನಿಯಂತ್ರಣ ಕೊಠಡಿಗೆ ಕೇಳಿಸುತ್ತಿತ್ತು. ವಾದಿರಾಜ ಕೆಂಪು ದೀಪಕ್ಕೆ ಒಂದೊಂದಾಗಿ ಉತ್ತರ ಕೊಟ್ಟು ಸಾಕಾಗಿ, ಇಡೀ ವಾರ್ಡಿಗೆ 'ಕಾಯ್ದೆ ಅನ್ವಯಿಸದು' ಎಂದು ಒಟ್ಟಿಗೇ ಬರೆದು ರುಜು ಹಾಕಿದ. ಪುಕ್ಕಲನೆಂದು ಇನ್ನು ಅವನನ್ನು ಯಾರೂ ಅನ್ನುವಂತಿಲ್ಲ.

ಸೋಮವಾರ ಡಾಕ್ಟರ್ ಭಾರ್ಗವಿ ಮೈಯೆಲ್ಲ ಮುಚ್ಚುವ ಗೌನು ತೊಟ್ಟು ವಾರ್ಡಿಗೆ ಬಂದರು. ಬೆಳಗಿನಿಂದ ಆಪರೇಷನ್ನುಗಳು, ಅವರಿಗೆ ಚಹಾ ಕುಡಿಯಲೂ ಪುರುಸೊತ್ತಾಗಿರಲಿಲ್ಲ. ಗುರುಬಸವ್ವನ ಗಾಯದ ಪಟ್ಟಿ ಬಿಚ್ಚಿ ನೋಡಿದರು. ಅಂಚಿನಲ್ಲಿ ಕೆಂಪಗೆ ಹೊಸ ಚರ್ಮ ಇಣುಕುತ್ತಿತ್ತು.

"ನಳಿಗಿ ಹಾಕೂದಿಲ್ಲ ಅಮ್ಮಾರ," ಎಂದರು. "ಉಣ್ಣೂ ಮಂದಿಗೆ ನಳಿಗಿ ಯಾಕ? ಇದಽ ವಾರದಾಗ ನಿಮ್ಮನ್ನ ನಡಸ್ತೀನಿ."

ಗುರುಬಸವ್ವ ನಳಿಗೆಯ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರು ಡಾಕ್ಟರರ ಕಣ್ಣನ್ನು ನೋಡುತ್ತಿದ್ದರು. ಮುಖವೆಲ್ಲ ಮುಚ್ಚಿದ್ದರೂ ಕಣ್ಣು ಕಾಣುತ್ತಿತ್ತಲ್ಲ.

"ಮಾರಿ ಬಾಡೇತಲ್ಲವಾ. ಉಂಡಿಯೇನು?"

"ಆಗೇತ್ರಿ, ಆಗೇತಿ. ನನಗ ಏನೂ ಬ್ಯಾಡ."

ಬಂಡಿ ಇದ್ದಲ್ಲೇ ನಿಂತು, ಡಾಕ್ಟರರ ಕಡೆ ತಲೆ ಬಾಗಿಸಿ, "ನಿಮ್ಮ ಇಚ್ಛೆಯನ್ನು ಗೌರ..." ಎಂದು ಶುರು ಮಾಡಿತು. ಅದರ ಮಾತು ಮುಗಿಯಲಿಲ್ಲ. ಒಂದೊಂದು ಮಂಚದಿಂದ ಒಂದೊಂದು ದನಿ ಎದ್ದು, ಇಡೀ ವಾರ್ಡು ಒಟ್ಟಿಗೆ ಎರಡನೇ ಸಲ ಕೇಳಿತು.

ಡಾಕ್ಟರ್ ಭಾರ್ಗವಿ ಕೈ ತೊಳೆದುಕೊಂಡು ಬಂದು, ಇಬ್ಬರು ಹೆಂಗಸರ ಮಂಚಗಳ ನಡುವೆ ಕೂತರು.